ಡ್ರೈವರ್ ಕೆಲಸ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಬಹಳ ಮಂದಿ ಇದ್ದಾರೆಂದು ಹೇಳಿ ಜಾರಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. "ಹಾಗಾದರೆ ಮೂವತ್ತು ವರ್ಷಗಳಿಗೂ ಮಿಕ್ಕಿ ಆ ಕಂಪ್ಯೂಟರಿನೊಳಗೆ ನೀವು ಮಾಡಿದ್ದೇನು ಎಂಬುದನ್ನಾದರೂ ಬರೆಯಿರಿ. ಊರಿನಲ್ಲಿ ಅದು ಯಾರಿಗೂ ತಿಳಿದಿಲ್ಲ" ಎಂದರು. ಮಾತು ನಿಜ. ತಿಳಿಯದಿರುವುದಕ್ಕೆ ಕಾರಣ ನಾನೇ.

1982ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ, ಪ್ರಿಡಿಗ್ರಿ, ಇಂಜಿನಿಯರಿಂಗ್ ಎಂದು ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಲ ರಜೆಯಲ್ಲಿ ಊರಿಗೆ ಬಂದಿದ್ದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದ ಅಜ್ಜ, "ಅಲ್ಲಿ ಎಂತ ಕೆಲಸ ಮಗಾ ನಿನಗೆ?" ಎಂದು ಕೇಳಿದರು. ಹೊಸ ಉತ್ಸಾಹದಲ್ಲಿ "ಡ್ರೈವರ್ ಬರೆಯುವ ಕೆಲಸ ಅಜ್ಜ" ಎಂದೆ. ಅವರಿಗೆ ಕೇಳಿಸಿದ್ದು ಮೊದಲ ಶಬ್ದ ಮಾತ್ರ. ಮರುದಿನ ಪೇಟೆಯ ಚಹಾದಂಗಡಿಗೆ ಹೋದರೆ, "ಇಷ್ಟೆಲ್ಲ ಓದಿದ್ದು ಲಾರಿ ಬಿಡಲಿಕ್ಕಾ ಮಾರಾಯ?" ಎಂದು ಅಂಗಡಿಯವರೇ ಮರುಗಿದರು. ತಿದ್ದಲು ಹೋಗಿ ಇನ್ನಷ್ಟು ಸಿಕ್ಕಿಬಿದ್ದೆನೇ ಹೊರತು ಅವರಿಗೆ ಅರ್ಥವಾಗುವಂತೆ ಹೇಳಲು ನನಗೆ ಆಗಲಿಲ್ಲ.

ಇಂದು ಹೇಳುವುದಾದರೆ, ಅಜ್ಜನಿಗೆ ಚೆನ್ನಾಗಿ ಗೊತ್ತಿದ್ದ ಒಂದು ಸಂಗತಿಯಿಂದಲೇ ತೊಡಗುತ್ತಿದ್ದೆ. ಅವರಿಗೆ ಬರುತ್ತಿದ್ದ ಮಾತು ತುಳು ಮತ್ತು ಕನ್ನಡ. ವಿಲ್ಲೇಜಾಫೀಸಿನ ಕಾಗದಪತ್ರಗಳೋ ಮಲಯಾಳದಲ್ಲಿ. ತೆಂಕಣಿಂದ ವರ್ಗವಾಗಿ ಬಂದ ಅಧಿಕಾರಿಗೆ ಕನ್ನಡದ ಒಂದಕ್ಷರವೂ ಬಾರದು. ಏಳನೆಯ ತರಗತಿಯಲ್ಲಿದ್ದ ನನ್ನನ್ನು ಅಜ್ಜ ಕೈಹಿಡಿದು ಕರೆದೊಯ್ಯುತ್ತಿದ್ದರು. ಅಂಗಡಿ ಜಗಲಿಯಲ್ಲಿ ಕಲಿತ ನನ್ನ ಮಲಯಾಳದಲ್ಲಿ ನಾನು ಅಧಿಕಾರಿಯ ಪ್ರಶ್ನೆಯನ್ನು ಅಜ್ಜನಿಗೂ, ಅಜ್ಜನ ಉತ್ತರವನ್ನು ಅಧಿಕಾರಿಗೂ ದಾಟಿಸುತ್ತಿದ್ದೆ. ಅಜ್ಜನ ಸಿಟ್ಟಿನ ಮಾತುಗಳನ್ನು ಹಾಗೆಯೇ ದಾಟಿಸಬಾರದು, ಅಧಿಕಾರಿ ಕೇಳಿದ ಸರ್ವೆ ನಂಬ್ರವನ್ನು ಮಾತ್ರ ಒಂದಂಕಿಯೂ ತಪ್ಪದಂತೆ ದಾಟಿಸಬೇಕು. ಡ್ರೈವರ್ ಎಂದರೆ ಇಂಥ ದುಭಾಷಿ. ಮುದ್ರಣಯಂತ್ರ, ಕೀಲಿಮಣೆ, ಡಿಸ್ಕು, ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್, ಇವೆಲ್ಲವಕ್ಕೂ ಅವುಗಳದೇ ಭಾಷೆ. ಕಂಪ್ಯೂಟರನ್ನು ಆಳುವ ಮೂಲ ತಂತ್ರಾಂಶಕ್ಕೆ, ಅಂದರೆ ಕರ್ನಲಿಗೆ, ಅದರದೇ ಭಾಷೆ. ನಡುವೆ ನಿಲ್ಲುವ ಚಿಕ್ಕ ಪ್ರೋಗ್ರಾಮೇ ಡ್ರೈವರ್. ಒಂದು ವ್ಯತ್ಯಾಸವಿದೆ. ನಾನು ಅಧಿಕಾರಿಯ ಮೇಜಿನ ಈಚೆಗೆ ನಿಲ್ಲುತ್ತಿದ್ದೆ. ಡ್ರೈವರ್ ಆಚೆಗೆ, ಅಧಿಕಾರಿಯ ತೊಡೆಯ ಮೇಲೆಯೇ ಕುಳಿತು, ಅವನ ಮೊಹರನ್ನು ತಾನೂ ಹಿಡಿದಿರುತ್ತದೆ. ಸಾಮಾನ್ಯ ಪ್ರೋಗ್ರಾಮೊಂದು ತಪ್ಪಿದರೆ ಅದೊಂದು ಸಾಯುತ್ತದೆ. ಡ್ರೈವರ್ ತಪ್ಪಿದರೆ ಇಡೀ ಕಂಪ್ಯೂಟರೇ ಕೆಳಗೆ ಬೀಳುತ್ತದೆ. ಹೀಗೆ ಬೀಳುವುದಕ್ಕೆ ಯುನಿಕ್ಸಿನಲ್ಲಿ 'ಪ್ಯಾನಿಕ್' ಎಂದು ಹೆಸರು.

ನನ್ನ ಜೀವಮಾನ ಕಳೆದದ್ದು ಈ ಯುನಿಕ್ಸಿನ ಬಳಗದೊಳಗೆ. ಬಳಗ ಎಂದು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಯುನಿಕ್ಸ್ ಒಂದಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದನ್ನು ಆರಂಭಿಸಿದರು. 1973ರಲ್ಲಿ ಅದನ್ನು ರಿಚಿಯವರ 'ಸಿ' ಭಾಷೆಯಲ್ಲಿ ಹೊಸದಾಗಿ ಬರೆದರು. ಆ ಪ್ರಯೋಗಾಲಯದ ಒಡೆತನ ಎಟಿ ಅಂಡ್ ಟಿ ಎಂಬ ದೂರವಾಣಿ ಸಂಸ್ಥೆಯದು. 1956ರ ಒಂದು ನ್ಯಾಯಾಲಯದ ಒಪ್ಪಂದದ ಪ್ರಕಾರ ಆ ಸಂಸ್ಥೆ ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯುನಿಕ್ಸನ್ನು ಪೇಟೆಯ ಸರಕಾಗಿ ಮಾರದೆ, ಮೂಲಬರಹದ ಸಮೇತ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ಕೊಟ್ಟಿತು. (ನಮ್ಮ ಸೀಮೆ ಕೇರಳಕ್ಕೆ ಸೇರಿದ್ದೂ 1956ರಲ್ಲೇ. ಎರಡಕ್ಕೂ ಸಂಬಂಧವೇನಿಲ್ಲ, ಆದರೆ ನನ್ನ ಜೀವನವನ್ನು ರೂಪಿಸಿದ ಎರಡೂ ಕಾಗದಗಳಿಗೆ ಒಂದೇ ವರ್ಷದ ಮೊಹರು ಬಿದ್ದಿದೆ.) ಮೂಲಬರಹ ಕೈಗೆ ಸಿಕ್ಕಿದವರು ಸುಮ್ಮನಿರುತ್ತಾರೆಯೇ? ಬರ್ಕ್ಲಿ ವಿಶ್ವವಿದ್ಯಾಲಯದವರು ತಿದ್ದಿ ಬಿಎಸ್‌ಡಿ ಎಂದರು. 1983ರಲ್ಲಿ ಎಟಿ ಅಂಡ್ ಟಿಯವರೇ ಸಿಸ್ಟಮ್ ಫೈವ್ ಎಂದರು. ಕಂಪ್ಯೂಟರ್ ತಯಾರಿಸುವ ಒಂದೊಂದು ಸಂಸ್ಥೆಯೂ ಈ ಎರಡರಿಂದ ಬೇಕಾದಷ್ಟನ್ನು ಎತ್ತಿಕೊಂಡು, ತನ್ನದಿಷ್ಟನ್ನು ಬೆರೆಸಿ ಬೇರೆ ಹೆಸರಿಟ್ಟಿತು: ಸೊಲಾರಿಸ್, ಎಚ್‌ಪಿ-ಯುಎಕ್ಸ್, ಎಐಎಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಹಳೆಯ ಬರಹದ ಒಂದು ಸಾಲನ್ನೂ ಮುಟ್ಟದೆ, ಅದೇ ನಡೆನುಡಿಯ ಲಿನಕ್ಸನ್ನು ಬರೆಯತೊಡಗಿದ.

ಹೊರಗಿನಿಂದ ನೋಡುವವನಿಗೆ ಇವೆಲ್ಲವೂ ಒಂದೇ. ಯಾವ ಉಪಕರಣವಾದರೂ ಒಂದು ಕಡತದಂತೆ ಕಾಣಿಸುತ್ತದೆ. ಅದನ್ನು ತೆರೆ, ಓದು, ಬರೆ, ಮುಚ್ಚು. ಈ ನಾಲ್ಕು ಕ್ರಿಯೆಗಳಿಗೆ ಹೊಂದದ ಕೆಲಸಗಳಿಗೆಂದು 'ಐಓಕಂಟ್ರೋಲ್' ಎಂಬ ಐದನೆಯದೊಂದು. ಬಳಸುವವನ ಮಟ್ಟದಲ್ಲಿ ಮುಗಿಯಿತು. ಆದರೆ ಆ ನಾಲ್ಕು ಮಾತುಗಳನ್ನು ಒಳಗೆ ನಿಂತು ನಡೆಸಿಕೊಡುವ ಡ್ರೈವರನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕರೆದೊಯ್ದು ನೋಡಿ! ಅಂಗಳಗಳೆಲ್ಲ ಒಂದೇ ತೆರನಾಗಿದ್ದರೂ ಒಳಮನೆಯ ಪದ್ಧತಿ ಒಂದೊಂದರಲ್ಲಿ ಒಂದೊಂದು. ಯಾವಾಗ ಒಳಗೆ ಬರಬೇಕು, ಎಲ್ಲಿ ಕುಳಿತುಕೊಳ್ಳಬೇಕು, ಯಾವುದನ್ನು ಮುಟ್ಟಬಾರದು, ಹೊರಡುವಾಗ ಏನೇನು ಹಿಂದಿರುಗಿಸಬೇಕು ಎಂಬುದರಲ್ಲೇ ಇರುವುದು ಈ ಕಸುಬಿನ ಕಷ್ಟ.

ನಾನು ಮೊದಲು ಹೊಕ್ಕ ಮನೆ ಎಸ್‌ಸಿಓ ಯುನಿಕ್ಸ್. ನಾವೆಲ್ಲ 'ಸ್ಕೋ' ಎಂದೇ ಕರೆಯುತ್ತಿದ್ದೆವು. ಆ ಕಾಲದಲ್ಲಿ ನಮ್ಮ ದೇಶದ ಚಿಕ್ಕ ದೊಡ್ಡ ಕಚೇರಿಗಳಲ್ಲಿ ಒಂದು 386 ಕಂಪ್ಯೂಟರನ್ನು ಇಟ್ಟು, ಅದಕ್ಕೆ ಎಂಟೋ ಹದಿನಾರೋ ಟರ್ಮಿನಲುಗಳನ್ನು ತಂತಿಯಿಂದ ಜೋಡಿಸುತ್ತಿದ್ದರು. ಟರ್ಮಿನಲ್ ಎಂದರೆ ಸ್ವಂತ ಬುದ್ಧಿಯಿಲ್ಲದ ಪರದೆ ಮತ್ತು ಕೀಲಿಮಣೆ. ಇಷ್ಟು ತಂತಿಗಳನ್ನು ಒಂದು ಯಂತ್ರಕ್ಕೆ ಸೇರಿಸಲು ಬಹುಮುಖಿ ಸೀರಿಯಲ್ ಕಾರ್ಡ್ ಬೇಕು. ನಮ್ಮ ಸಂಸ್ಥೆ ಅಂಥ ಕಾರ್ಡುಗಳನ್ನು ಮಾಡುತ್ತಿತ್ತು; ಅದರ ಡ್ರೈವರ್ ನನ್ನ ಪಾಲಿಗೆ ಬಂತು.

ಸ್ಕೋದಲ್ಲಿ ಡ್ರೈವರ್ ನಡೆಯುತ್ತಿರುವ ಕರ್ನಲಿನೊಳಗೆ ನಡುವೆ ಬಂದು ಸೇರುವ ಅತಿಥಿಯಲ್ಲ. ಮನೆ ಕಟ್ಟುವಾಗಲೇ ಗೋಡೆಯೊಳಗೆ ಇಡುವ ಕಲ್ಲು. ನಾವು ಬರೆದದ್ದನ್ನು ಕಂಪೈಲ್ ಮಾಡಿ ಒಂದು ಕಡತ ಮಾಡಬೇಕು. ಅದರ ಜೊತೆಗೆ 'ಮಾಸ್ಟರ್' ಎಂಬ ಇನ್ನೊಂದು ಕಡತದಲ್ಲಿ ಡ್ರೈವರಿನ ಹೆಸರು, ಅದರ ಕ್ರಿಯೆಗಳಿಗೆ ಹಚ್ಚುವ ಎರಡು ಮೂರು ಅಕ್ಷರಗಳ ಮನೆತನದ ಹೆಸರು, ಯಾವ ಯಾವ ಕ್ರಿಯೆಗಳಿವೆ ಎಂಬುದರ ವಿವರ. 'ಸಿಸ್ಟಮ್' ಎಂಬ ಮತ್ತೊಂದರಲ್ಲಿ ಕಾರ್ಡು ಕರ್ನಲನ್ನು ಕರೆಯುವ ಇಂಟರಪ್ಟ್ ಸಂಖ್ಯೆ, ಅದರ ವಿಳಾಸ. ಇವನ್ನೆಲ್ಲ ಅದರದರ ಜಾಗದಲ್ಲಿ ಇಟ್ಟು 'ಐಡಿಬಿಲ್ಡ್' ಎಂಬ ಆಜ್ಞೆ ಕೊಟ್ಟರೆ ಯಂತ್ರವು ಎಲ್ಲ ಡ್ರೈವರುಗಳನ್ನೂ ಒಟ್ಟು ಸೇರಿಸಿ ಇಡೀ ಕರ್ನಲನ್ನು ಹೊಸದಾಗಿ ಹೆಣೆಯುತ್ತಿತ್ತು. ಚಹಾ ಕುಡಿದು ಬರುವಷ್ಟು ಹೊತ್ತು. ಬಂದು ನೋಡಿದರೆ ಪರದೆಯ ಮೇಲೆ, ಇನ್ನು ಮುಂದೆ ಈ ಕರ್ನಲಿನಿಂದಲೇ ಶುರು ಮಾಡಲೇ ಎಂಬ ಪ್ರಶ್ನೆ. ಹೌದೆಂದರೆ ಹಳೆಯದನ್ನು 'ಯುನಿಕ್ಸ್ ಡಾಟ್ ಓಲ್ಡ್' ಎಂಬ ಹೆಸರಿನಲ್ಲಿ ತೆಗೆದಿಡುತ್ತಿತ್ತು. ಆಮೇಲೆ ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಒಂದಕ್ಷರ ತಿದ್ದಿದರೂ ಇದೇ ವ್ರತ ಮೊದಲಿನಿಂದ. ದಿನಕ್ಕೆ ಹತ್ತು ಸಲಕ್ಕಿಂತ ಹೆಚ್ಚು ಪರೀಕ್ಷಿಸಲು ಸಾಧ್ಯವಾಗುತ್ತಿರಲಿಲ್ಲ.

1992ರ ಮಾರ್ಚ್ ತಿಂಗಳ ಕೊನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯಬೇಕು. ಈವರೆಗೆ ಬರೆದಿಲ್ಲ.

ಕರಾವಳಿಯ ಒಂದು ಪೇಟೆಯ ಹಣಕಾಸಿನ ಸಂಸ್ಥೆಯೊಂದಕ್ಕೆ ನಮ್ಮ ಹದಿನಾರು ಮುಖದ ಕಾರ್ಡನ್ನು ಹಾಕಿ ಎರಡು ವಾರವಾಗಿತ್ತು. ಸಂಸ್ಥೆಯ ಹೆಸರು ಬೇಡ, ತಪ್ಪು ಅವರದಲ್ಲ. ವರ್ಷಾಂತ್ಯದ ಲೆಕ್ಕ ಮುಗಿಸುವ ದಿನವೆಂದು ನನ್ನನ್ನೂ ಜೊತೆಗಿರಲು ಕಳುಹಿಸಿದ್ದರು. ಮಾರ್ಚ್ 31. ಅಷ್ಟೂ ಟರ್ಮಿನಲುಗಳ ಮುಂದೆ ಜನ ಕುಳಿತು ಒಂದೇ ಸಮನೆ ಅಂಕಿಗಳನ್ನು ಹೊಡೆಯುತ್ತಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಎಲ್ಲ ಪರದೆಗಳೂ ಒಮ್ಮೆಲೇ ಕಲ್ಲಾದವು. ಮುಖ್ಯ ಪರದೆಯ ಮೇಲೆ ಪ್ಯಾನಿಕ್ ಎಂಬ ಶಬ್ದ, ಅದರ ಕೆಳಗೆ ಯಾರಿಗೂ ಬೇಡದ ಅಂಕಿಗಳ ಸಾಲು.

ಯಂತ್ರವನ್ನು ಮತ್ತೆ ಎಬ್ಬಿಸಿದೆ. ಡಿಸ್ಕಿನ ಕಡತಗಳನ್ನು ಪರಿಶೀಲಿಸಿ ಸರಿಪಡಿಸಿಕೊಳ್ಳಲು ಅದು ಅರ್ಧ ಗಂಟೆ ತೆಗೆದುಕೊಂಡಿತು. ಮತ್ತೆ ಕೆಲಸ ಆರಂಭವಾಗಿ ಇಪ್ಪತ್ತು ನಿಮಿಷದಲ್ಲಿ ಮತ್ತೆ ಬಿತ್ತು. ಆಗ ನನಗೆ ತೋಚಿದ್ದು ಒಂದೇ: ಹಳೆಯ ಕರ್ನಲಿನಿಂದ ಎಬ್ಬಿಸುವುದು. ಅದು ಬೀಳಲಿಲ್ಲ. ಆದರೆ ಅದರೊಳಗೆ ನಮ್ಮ ಡ್ರೈವರ್ ಇಲ್ಲವಾದುದರಿಂದ ಹದಿನಾರು ಟರ್ಮಿನಲುಗಳೂ ಕುರುಡು. ಮುಖ್ಯ ಪರದೆಯೊಂದೇ ಗತಿ. ಅಲ್ಲಿನ ಹಿರಿಯ ಗುಮಾಸ್ತರೊಬ್ಬರು, ನಿವೃತ್ತಿಗೆ ವರ್ಷವೊಂದು ಉಳಿದಿದ್ದವರು, ಆ ಒಂದು ಪರದೆಯ ಮುಂದೆ ಕುಳಿತು, ಉಳಿದವರು ಓದಿ ಹೇಳಿದ್ದನ್ನೆಲ್ಲ ರಾತ್ರಿ ಒಂದೂವರೆಯ ತನಕ ಒಬ್ಬರೇ ಟೈಪು ಮಾಡಿದರು. ನಡುವೆ ಒಮ್ಮೆ ಎದ್ದು ಬಂದು, "ತಪ್ಪು ಎಲ್ಲಿ ಆದದ್ದು?" ಎಂದು ನನ್ನನ್ನು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯಲಿಕ್ಕೆಂದು ಕೇಳಿದ್ದು. ಅಷ್ಟರಲ್ಲಿ ನನಗೆ ಸಂಶಯ ಹುಟ್ಟಿತ್ತು. ಆದರೂ, "ಕರೆಂಟಿನ ಏರುಪೇರು ಇರಬೇಕು" ಎಂದೆ.

ತಪ್ಪು ಇದ್ದದ್ದು ನನ್ನ ಬರಹದ ಒಂದು ಸಾಲಿನಲ್ಲಿ. ಅದನ್ನು ಶಾಲೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಪಾಠ ನಡೆಯುತ್ತಿರುವಾಗ ಪ್ಯೂನ್ ಸುತ್ತೋಲೆ ಹಿಡಿದು ತರಗತಿಯ ಬಾಗಿಲಿಗೆ ಬರುತ್ತಾನೆ. ಮಾಸ್ಟ್ರು ಮಾತು ನಿಲ್ಲಿಸಿ ಓದಿ ಸಹಿ ಹಾಕುತ್ತಾರೆ, ಪ್ಯೂನ್ ಹೋಗುತ್ತಾನೆ, ಬಿಟ್ಟಲ್ಲಿಂದ ಪಾಠ ಮುಂದುವರಿಯುತ್ತದೆ. ಇಂಟರಪ್ಟ್ ಎಂದರೆ ಆ ಪ್ಯೂನ್. ಟರ್ಮಿನಲಿನಲ್ಲಿ ಯಾರೋ ಒಂದು ಕೀಲಿ ಒತ್ತಿದರೆ ಕಾರ್ಡು ಕರ್ನಲನ್ನು ತಡೆದು, "ಇಗೋ ಅಕ್ಷರ" ಎನ್ನುತ್ತದೆ. ತಡೆದ ಆ ಹೊತ್ತಿನಲ್ಲಿ ಯಂತ್ರ ಬೇರೆ ಯಾರದೋ ಕೆಲಸದ ನಡುವೆ ಇರುತ್ತದೆ. ಡ್ರೈವರ್ ಬೇಗನೆ ಅಕ್ಷರವನ್ನು ತೆಗೆದುಕೊಂಡು ಸರಿಯಬೇಕು. ಅಲ್ಲಿ ನಿದ್ರೆ ಮಾಡಕೂಡದು. ಪ್ಯೂನ್ ಬಂದು ಮಾಸ್ಟ್ರ ಕುರ್ಚಿಯಲ್ಲೇ ಕುಳಿತು ತೂಕಡಿಸಿದರೆ ಪಾಠವೇ ನಿಂತಂತೆ. ಸ್ಕೋದ ಪುಸ್ತಕದಲ್ಲಿ ಈ ನಿಯಮ ಸ್ಪಷ್ಟವಾಗಿತ್ತು, ನಾನು ಓದಿಯೂ ಇದ್ದೆ. ಆದರೆ ಅಕ್ಷರಗಳನ್ನು ಕೂಡಿಡಲು ಜಾಗ ಕೇಳುವ ನನ್ನದೇ ಒಂದು ಚಿಕ್ಕ ಕ್ರಿಯೆಯು, ಜಾಗ ಇಲ್ಲದಿದ್ದರೆ ನಿದ್ರಿಸಿ ಕಾಯುವಂತೆ ಬರೆಯಲ್ಪಟ್ಟಿತ್ತು. ಅದನ್ನೇ ಇಂಟರಪ್ಟಿನೊಳಗಿಂದಲೂ ಕರೆದುಬಿಟ್ಟಿದ್ದೆ. ಪರೀಕ್ಷೆಯ ಮೇಜಿನ ಮೇಲೆ ಎರಡೇ ಟರ್ಮಿನಲುಗಳಿದ್ದುದರಿಂದ ಜಾಗ ಎಂದೂ ತುಂಬಲಿಲ್ಲ. ಮಾರ್ಚ್ 31ರಂದು ತುಂಬಿತು.

ಹದಿನೈದು ದಿನಗಳ ಮೇಲೆ ತಿದ್ದಿದ ಡ್ರೈವರನ್ನು ಫ್ಲಾಪಿಯಲ್ಲಿ ಒಯ್ದೆ. ಯಂತ್ರದ ಪಕ್ಕದಲ್ಲಿ ಹೊಚ್ಚ ಹೊಸ ಯುಪಿಎಸ್ ಒಂದು ನಿಂತಿತ್ತು. ನನ್ನ ಮಾತನ್ನು ನಂಬಿ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿ ತರಿಸಿದ್ದರು. ಆ ಹಿರಿಯರು ಅದನ್ನು ನನಗೆ ಹೆಮ್ಮೆಯಿಂದ ತೋರಿಸಿ, "ಇನ್ನು ತೊಂದರೆಯಿಲ್ಲವಲ್ಲ?" ಎಂದರು. "ಇಲ್ಲ" ಎಂದೆ. ಹೊಸ ಕರ್ನಲನ್ನು ಹೆಣೆದು, ಯಂತ್ರವನ್ನು ಚಾಲೂ ಮಾಡಿ, ಅವರು ಕೊಟ್ಟ ಶರಬತ್ತು ಕುಡಿದು ಹಿಂದಿರುಗಿದೆ.

ಆಮೇಲೆ ಮನೆಗಳು ಬದಲಾದವು. 1995ರ ಸುಮಾರಿಗೆ ಬೇರೊಂದು ಸಂಸ್ಥೆಯಲ್ಲಿ ಸನ್ ಕಂಪ್ಯೂಟರುಗಳ ಸೊಲಾರಿಸ್ ನನ್ನ ಪಾಲಿಗೆ ಬಂತು. ಸೊಲಾರಿಸಿನಲ್ಲಿ ಡ್ರೈವರ್ ಗೋಡೆಯ ಕಲ್ಲಲ್ಲ, ಬಂದು ಹೋಗುವ ಮಾಡ್ಯೂಲ್. ಯಂತ್ರ ನಡೆಯುತ್ತಿರುವಾಗಲೇ ಒಂದು ಆಜ್ಞೆಯಿಂದ ಅದನ್ನು ಒಳಗೆ ಕರೆಯಬಹುದು, ಇನ್ನೊಂದರಿಂದ ಕಳುಹಿಸಬಹುದು. ಯಂತ್ರವನ್ನು ನಿಲ್ಲಿಸದೆ ಡ್ರೈವರನ್ನು ತಿದ್ದಿ ಮತ್ತೆ ಹಾಕಬಹುದೆಂಬುದನ್ನು ಮೊದಲ ದಿನ ಕಂಡಾಗ, ಹತ್ತು ಸಲದ ವ್ರತ ಮಾಡಿದ್ದ ನನಗೆ ಆದ ಸಂತೋಷವನ್ನು ವರ್ಣಿಸಲಾರೆ. ಆದರೆ ಶಿಷ್ಟಾಚಾರ ಹೆಚ್ಚು. ಪ್ರತಿಯೊಂದು ಮಾಡ್ಯೂಲೂ ಮೂರು ಬಾಗಿಲುಗಳನ್ನು ತೆರೆದಿಡಬೇಕು: ಬರುವಾಗ ಕರೆಯುವುದು, ನೀನಾರೆಂದು ಕೇಳುವುದು, ಹೋಗುವಾಗ ಕರೆಯುವುದು. ಅದರ ಮೇಲೆ, ಒಂದೊಂದು ಉಪಕರಣ ಕಂಡಾಗಲೂ 'ಅಟ್ಯಾಚ್', ಬಿಡಿಸುವಾಗ 'ಡಿಟ್ಯಾಚ್'. ಉಪಕರಣದ ಸ್ಮೃತಿಯನ್ನು ನೇರವಾಗಿ ಮುಟ್ಟುವಂತಿಲ್ಲ. ಕರ್ನಲ್ ಕೊಟ್ಟ ಸೌಟಿನಿಂದಲೇ ಬಡಿಸಿಕೊಳ್ಳಬೇಕು. ಮೊದಮೊದಲು ಇದು ಕಿರಿಕಿರಿಯೆನಿಸಿತ್ತು. ಆದರೆ ಸನ್‌ನವರ ಸ್ಪಾರ್ಕ್ ಯಂತ್ರಗಳು ಸಂಖ್ಯೆಯ ದೊಡ್ಡ ಭಾಗವನ್ನು ಮೊದಲು ಇಡುತ್ತವೆ, ಇಂಟೆಲ್ ಯಂತ್ರಗಳು ಚಿಕ್ಕ ಭಾಗವನ್ನು ಮೊದಲು ಇಡುತ್ತವೆ. ಆ ಸೌಟು ಹಿಡಿದ ಕಾರಣದಿಂದಲೇ ನನ್ನ ಒಂದೇ ಬರಹ ಎರಡರ ಮೇಲೂ ನಡೆಯಿತೆಂದು ಕಂಡ ಮೇಲೆ ಗೌರವ ಬಂತು.

ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಬೇರೆ. ಸೊಲಾರಿಸಿನಲ್ಲಿ ಸಾಮಾನ್ಯ ಇಂಟರಪ್ಟುಗಳಿಗೆ ತಮ್ಮದೇ ಒಂದು ಎಳೆ ಇರುತ್ತದೆ, ಅಂದರೆ ಪ್ಯೂನನಿಗೂ ಒಂದು ಸ್ವಂತ ಕುರ್ಚಿ. ಬೀಗ ಹಾಕಿದ ವಸ್ತುವೊಂದು ಬೇಕಾದರೆ ಅವನು ತನ್ನ ಕುರ್ಚಿಯಲ್ಲಿ ಕುಳಿತು ಬೀಗ ತೆರೆಯುವ ತನಕ ಕಾಯಬಹುದು. ಮನಬಂದಷ್ಟು ಮಲಗಬಹುದೆಂದಲ್ಲ, ಬೀಗಕ್ಕಾಗಿ ಕಾಯುವುದಕ್ಕೆ ಮಾತ್ರ ಅನುಮತಿ. ಫ್ರೀಬಿಎಸ್‌ಡಿಯೂ 2003ರ ತನ್ನ 5.0 ಆವೃತ್ತಿಯಿಂದ ಇದೇ ಹಾದಿ ಹಿಡಿಯಿತು. ಸ್ಕೋದಲ್ಲಿ ನಾವು ಇಂಟರಪ್ಟುಗಳನ್ನು ಸ್ವಲ್ಪ ಹೊತ್ತು ತಡೆಹಿಡಿದು ನಮ್ಮ ಕೆಲಸ ಮುಗಿಸಿಕೊಳ್ಳುತ್ತಿದ್ದೆವು. ಒಂದೇ ಪ್ರೊಸೆಸರ್ ಇದ್ದಾಗ ಅದು ಸಾಕು. ನಾಲ್ಕು ಪ್ರೊಸೆಸರುಗಳಿದ್ದರೆ ಒಂದರ ಬಾಯಿ ಮುಚ್ಚಿದರೂ ಉಳಿದ ಮೂರು ಬಂದು ಅದೇ ವಸ್ತುವಿಗೆ ಕೈ ಹಾಕುತ್ತವೆ. ಹಾಗಾಗಿ ಬೀಗಗಳು ಬಂದವು. ಒಂದೂರಿನಲ್ಲಿ ಯಂತ್ರವನ್ನೇ ಕೆಡಹುವ ತಪ್ಪು ಇನ್ನೊಂದೂರಿನಲ್ಲಿ ಮಿತಿಯೊಳಗಿನ ರೂಢಿ! ಆ ಪುಟವನ್ನು ಓದಿದ ರಾತ್ರಿ ಯುಪಿಎಸ್ಸಿನ ನೆನಪು ಬಂದದ್ದು ಹೌದು.

ಎಐಎಕ್ಸಿನೊಡನೆ ನನ್ನ ಒಡನಾಟ ಒಂದೂವರೆ ವರ್ಷದ್ದು. ಅಲ್ಲಿ ಉಪಕರಣಗಳ ಜಾತಕವೆಲ್ಲ ಓಡಿಎಂ ಎಂಬ ದತ್ತಸಂಚಯದಲ್ಲಿ ಇರುತ್ತದೆ. ಉಪಕರಣ ಗೊತ್ತಿದೆ ಆದರೆ ಸಿದ್ಧವಿಲ್ಲ ಎಂದರೆ 'ಡಿಫೈನ್ಡ್', ಸಿದ್ಧವಿದೆ ಎಂದರೆ 'ಅವೈಲಬಲ್'. ಅದರ ವಿಶೇಷವೆಂದರೆ ಕರ್ನಲಿನ ಭಾಗಗಳೇ ಸ್ಮೃತಿಯಿಂದ ಡಿಸ್ಕಿಗೆ ಹೋಗಿ ಬರುತ್ತಿರುತ್ತವೆ. ಆದ್ದರಿಂದ ಇಂಟರಪ್ಟಿನ ಹೊತ್ತಿಗೆ ಬೇಕಾಗುವ ಬರಹವನ್ನೂ ಅಂಕಿಗಳನ್ನೂ ಹೊರಗೆ ಹೋಗದಂತೆ ಮೊಳೆ ಹೊಡೆದು ನಿಲ್ಲಿಸಬೇಕು. ಆ ಕ್ರಿಯೆಯ ಹೆಸರೇ 'ಪಿನ್'. ಬೇರೆ ಮನೆಗಳಿಂದ ಬಂದವನಿಗೆ ಇದು ಹೊಳೆಯುವುದೇ ಇಲ್ಲ. ಇನ್ನು ಅದರ ಆಡಳಿತದ ಪರದೆಯಲ್ಲಿ ಓಡುತ್ತಿರುವ ಮನುಷ್ಯನ ಒಂದು ಚಿತ್ರವಿತ್ತು. ಕೆಲಸ ಕೆಟ್ಟರೆ ಅವನು ಮುಗ್ಗರಿಸಿ ಬೀಳುತ್ತಿದ್ದ. ಅವನು ಬಿದ್ದಾಗಲೆಲ್ಲ ಪಕ್ಕದ ಮೇಜಿನವರು ನನ್ನ ಕಡೆಗೆ ನೋಡುತ್ತಿದ್ದರು. ಎಚ್‌ಪಿ-ಯುಎಕ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕೋದ ಹಾಗೆ ಗೋಡೆಗೆ ಕಲ್ಲಿಡುವ ಮನೆಯದು. 11ನೆಯ ಆವೃತ್ತಿಯಿಂದಷ್ಟೇ ಬಂದು ಹೋಗುವ ಮಾಡ್ಯೂಲುಗಳಿಗೆ ಬಾಗಿಲು ತೆರೆಯಿತು.

ಲಿನಕ್ಸಿನ ವಿಚಾರಕ್ಕೆ ಬಂದರೆ ನನ್ನ ಅಭಿಪ್ರಾಯ ಕಾಲಕಾಲಕ್ಕೆ ಬದಲಾಗಿದೆಯೆಂದು ಒಪ್ಪಿಕೊಳ್ಳಬೇಕು. ಬಂದು ಹೋಗುವ ಮಾಡ್ಯೂಲುಗಳು ಅಲ್ಲಿಯೂ ಇವೆ. ಸೇರಿಸಲು 'ಇನ್ಸ್‌ಮಾಡ್', ತೆಗೆಯಲು 'ಆರ್‌ಎಂಮಾಡ್', ಪಟ್ಟಿ ನೋಡಲು 'ಎಲ್‌ಎಸ್‌ಮಾಡ್'. ಬರೆಯುವುದು ಸೊಲಾರಿಸಿಗಿಂತ ಸರಳ. ಕರ್ನಲಿನ ಮೂಲಬರಹವೇ ಕಣ್ಣೆದುರಿಗಿದೆ. ಸಂಶಯ ಬಂದರೆ ತೆರೆದು ಓದಬಹುದು. ಆದರೆ ಇಂದು ಸರಿಯಾಗಿ ನಡೆಯುವ ಡ್ರೈವರ್ ಮುಂದಿನ ಆವೃತ್ತಿಯಲ್ಲಿ ನಡೆಯುತ್ತದೆಂಬ ಭರವಸೆ ಇಲ್ಲ. 2003ರ ಡಿಸೆಂಬರಿನಲ್ಲಿ 2.6 ಬಂದಾಗ ಮಾಡ್ಯೂಲುಗಳನ್ನು ಕಟ್ಟುವ ರೀತಿಯೇ ಬದಲಾಯಿತು, ಕಡತದ ಬಾಲ 'ಓ' ಹೋಗಿ 'ಕೆಓ' ಆಯಿತು, ಬಳಕೆಯ ಲೆಕ್ಕವನ್ನು ಡ್ರೈವರೇ ಇಡುವ ಹಳೆಯ ಕ್ರಮ ಹೋಯಿತು. 2006ರಲ್ಲಿ 2.6.19ರಲ್ಲಿ ಇಂಟರಪ್ಟ್ ಕ್ರಿಯೆಗೆ ಕೊಡುತ್ತಿದ್ದ ಒಂದು ಅಂಶವನ್ನು ಕಿತ್ತುಹಾಕಿದರು. 2010ರಲ್ಲಿ ಐಓಕಂಟ್ರೋಲಿನ ಹಳೆಯ ಬಾಗಿಲನ್ನೇ ಮುಚ್ಚಿದರು. ಮೂರು ಸಲವೂ ನಾನು ಅದೇ ಡ್ರೈವರನ್ನು ಬಿಚ್ಚಿ ಹೊಲಿದೆ. ಒಂದು ಕರ್ನಲಿಗೆಂದು ಕಟ್ಟಿದ ಮಾಡ್ಯೂಲನ್ನು ಇನ್ನೊಂದಕ್ಕೆ ಹಾಕಲು ಹೋದರೆ, ಅದರೊಳಗೆ ಬರೆದಿರುವ ಆವೃತ್ತಿಯ ಗುರುತನ್ನು ನೋಡಿ ಹೊಸಿಲಲ್ಲೇ ತಿರುಗಿಸಿ ಕಳುಹಿಸುತ್ತದೆ. ಸೊಲಾರಿಸಿನಲ್ಲಾದರೋ ನಿಯಮಕ್ಕೆ ಬದ್ಧವಾಗಿ ಬರೆದ ಡ್ರೈವರನ್ನು ಮರು ಕಂಪೈಲ್ ಕೂಡ ಮಾಡದೆ ಮುಂದಿನ ಆವೃತ್ತಿಗಳಲ್ಲಿ ನಡೆಸಿದ್ದೇನೆ.

ಇದು ಅಲಕ್ಷ್ಯವಲ್ಲ, ತೀರ್ಮಾನಿಸಿಯೇ ಮಾಡಿದ್ದು. ಬಳಸುವವರಿಗೆ ಕೊಟ್ಟ ನಾಲ್ಕೈದು ಮಾತುಗಳನ್ನು ಎಂದೂ ಮುರಿಯಬಾರದೆಂದು ಟೊರ್ವಾಲ್ಡ್ಸ್ ಹಠ ಹಿಡಿಯುತ್ತಾರೆ. ಒಳಮನೆಯ ಪದ್ಧತಿಗೆ ಮಾತ್ರ ಅಂಥ ಭರವಸೆ ಕೊಡುವುದಿಲ್ಲವೆಂದು ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಕರ್ನಲಿನ ದಾಖಲೆಗಳಲ್ಲೇ ಬರೆದಿಟ್ಟಿದ್ದಾರೆ. ನಿಮ್ಮ ಡ್ರೈವರನ್ನು ನಮ್ಮ ಮೂಲಬರಹಕ್ಕೆ ಸೇರಿಸಿ. ಆಮೇಲೆ ಒಳಗಿನ ಪದ್ಧತಿಯನ್ನು ಬದಲಿಸುವವನೇ ನಿಮ್ಮದನ್ನೂ ತಿದ್ದುತ್ತಾನೆ ಎಂಬುದು ಅವರ ವಾದ. ಹೊರಗೆ ನಿಂತಿದ್ದಾಗ ನನಗಿದು ದರ್ಪದ ಮಾತಾಗಿ ಕೇಳಿಸಿತು. ಮುಂದೆ ಒಂದು ಚಿಕ್ಕ ಡ್ರೈವರನ್ನು ಒಳಗೆ ಸೇರಿಸಿದ ಮೇಲೆ, ನಾನು ಕಂಡರಿಯದ ಯಾರೋ ಎರಡು ಸಲ ಅದನ್ನು ಹೊಸ ಪದ್ಧತಿಗೆ ಹೊಂದಿಸಿದ್ದನ್ನು ನೋಡಿ ಅರ್ಧದಷ್ಟು ಒಪ್ಪಿದೆ. ಇನ್ನರ್ಧವನ್ನು ಈಗಲೂ ಒಪ್ಪಿಲ್ಲ. ಮೂಲಬರಹವನ್ನು ಬಿಟ್ಟುಕೊಡಲಾಗದ ಚಿಕ್ಕ ತಯಾರಕನ ಗತಿಯೇನು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ.

ಲಿನಕ್ಸಿನ ಇನ್ನೊಂದು ಗುಣವನ್ನು ಹೇಳದಿದ್ದರೆ ತಪ್ಪಾದೀತು. ನಿದ್ರಿಸಬಾರದ ಜಾಗದಲ್ಲಿ ಡ್ರೈವರ್ ನಿದ್ರಿಸಿದರೆ ಅದು ಹೆಸರು ಹಿಡಿದು ಕೂಗುತ್ತದೆ: ಇಂಥ ಕ್ರಿಯೆಯೊಳಗಿಂದ, ಇಂಥವನು, ಮಲಗಬಾರದ ಹೊತ್ತಿನಲ್ಲಿ ಮಲಗಿದ. ಅದನ್ನು ಮೊದಲ ಸಲ ಓದಿದಾಗ, ಅಂದು ಆ ಪೇಟೆಯ ಪರದೆಯ ಮೇಲೆ ಹೀಗೆ ಬರೆದಿದ್ದರೆ ಕರೆಂಟಿನ ಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ ಎಂದುಕೊಂಡೆ. ಮರುಕ್ಷಣವೇ, ಅಂದು ಕೂಡ ನನಗೆ ಗೊತ್ತೇ ಇತ್ತಲ್ಲ ಎಂಬುದೂ ನೆನಪಾಯಿತು.

ಎಲ್ಲ ಮನೆಗಳಲ್ಲಿಯೂ ಅತ್ಯಂತ ಕಷ್ಟದ ಪರೀಕ್ಷೆ ಒಳಬರುವುದಲ್ಲ, ಹೊರಹೋಗುವುದು. ಮದುವೆಗೆ ಚಪ್ಪರ ಹಾಕಲು ನೂರು ಜನ ಬರುತ್ತಾರೆ. ಮರುದಿನ ಅಕ್ಕಪಕ್ಕದ ಮನೆಗಳಿಂದ ತಂದ ಹಂಡೆ, ಕಂಬಳಿ, ದೀಪಗಳನ್ನು ಯಾರದು ಯಾರಿಗೆಂದು ನೋಡಿ ಮುಟ್ಟಿಸುವವನಿಗೆ ಗೊತ್ತು ಅದರ ಕಷ್ಟ. ಮಾಡ್ಯೂಲು ಬರುವಾಗ ಸ್ಮೃತಿಯನ್ನು ಕೇಳಿ ಪಡೆಯುತ್ತದೆ, ಇಂಟರಪ್ಟನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ, ಇಷ್ಟು ಹೊತ್ತಿನ ಮೇಲೆ ನನ್ನನ್ನು ಕರೆ ಎಂದು ಗಡಿಯಾರಕ್ಕೆ ಹೇಳಿಡುತ್ತದೆ. ಹೋಗುವಾಗ ಇವೆಲ್ಲವನ್ನೂ ತೆಗೆದುಕೊಂಡ ಕ್ರಮಕ್ಕೆ ಹಿಂದುಮುಂದಾಗಿ ಹಿಂದಿರುಗಿಸಬೇಕು. ಗಡಿಯಾರಕ್ಕೆ ಹೇಳಿದ ಮಾತನ್ನು ಹಿಂತೆಗೆಯಲು ಮರೆತರೆ, ಮಾಡ್ಯೂಲು ಹೋದ ಮೇಲೆ ಕರ್ನಲ್ ಅದರ ಬಾಗಿಲನ್ನು ಬಡಿಯುತ್ತದೆ, ಅಲ್ಲಿ ಮನೆಯೇ ಇಲ್ಲ, ಯಂತ್ರ ಬೀಳುತ್ತದೆ. ಸ್ಕೋದ ನನ್ನ ಹಳೆಯ ಬರಹದಲ್ಲಿ ಹಿಂದಿರುಗಿಸುವ ಒಂದೇ ಒಂದು ಸಾಲೂ ಇರಲಿಲ್ಲ. ಅಲ್ಲಿ ಡ್ರೈವರ್ ಹೋಗುತ್ತಿದ್ದುದು ಯಂತ್ರ ನಿಂತಾಗ ಮಾತ್ರ. ಅದನ್ನು ಸೊಲಾರಿಸಿಗೆ ತಂದಾಗ ಹೊಸದಾಗಿ ಬರೆಯಬೇಕಾಗಿ ಬಂದ ಭಾಗದಲ್ಲಿ ಹೆಚ್ಚಿನದು ಈ ವಿದಾಯದ ವ್ಯವಸ್ಥೆಯೇ ಆಗಿತ್ತು.

ಬಂದು ಹೋಗುವ ಅತಿಥಿಗಳೇ ಬೇಡವೆಂದವರೂ ಇದ್ದಾರೆ. ಭದ್ರತೆಯ ವಿಷಯದಲ್ಲಿ ಮಡಿವಂತರಾದ ಓಪನ್‌ಬಿಎಸ್‌ಡಿಯವರು 2014ರಲ್ಲಿ ಮಾಡ್ಯೂಲುಗಳ ವ್ಯವಸ್ಥೆಯನ್ನೇ ಕಿತ್ತುಹಾಕಿದರು. ಓಡುತ್ತಿರುವ ಕರ್ನಲಿನೊಳಗೆ ನಮ್ಮ ಡ್ರೈವರನ್ನು ಸೇರಿಸುವ ದಾರಿ ನಿಮಗಿದ್ದರೆ, ಕಳ್ಳನಿಗೂ ಅದೇ ದಾರಿ ಇದೆಯಲ್ಲವೇ ಎಂಬುದು ಅವರ ಪ್ರಶ್ನೆ. ಗೋಡೆಯ ಕಲ್ಲಿನ ಕಾಲಕ್ಕೆ ಅವರು ಬೇಕೆಂದೇ ಹಿಂದಿರುಗಿದರು. ಆಪಲ್ ಸಂಸ್ಥೆಯಾದರೋ 2019ರಿಂದ ಡ್ರೈವರುಗಳನ್ನು ಕರ್ನಲಿನಿಂದ ಹೊರಗೆ ತಂದು ಕೂರಿಸತೊಡಗಿತು. ಅಂದರೆ ದುಭಾಷಿ ಕೊನೆಗೂ ಅಧಿಕಾರಿಯ ತೊಡೆಯಿಂದ ಇಳಿದು, ನಾನು ನಿಲ್ಲುತ್ತಿದ್ದ ಮೇಜಿನ ಈಚೆಗೆ ಬಂದ ಹಾಗಾಯಿತು.

ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಗೆಂದು ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯರು ಕಂಪ್ಯೂಟರ್ ಕೊಠಡಿಗೆ ಕರೆದೊಯ್ದರು. ಕೇರಳದ ಶಾಲೆಗಳಲ್ಲಿ, 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಮೇಲೂ, ಮಕ್ಕಳು ಕಲಿಯುವುದು ಲಿನಕ್ಸಿನ ಮೇಲೆಯೇ. ನನ್ನ ಮಟ್ಟಿಗೆ ಅದು ದೊಡ್ಡ ಸೋಜಿಗ. ನಾವು ಮಳೆಗಾಲದಲ್ಲಿ ಕೊಡೆಗಳನ್ನು ಒಣಗಲು ಬಿಡಿಸಿಡುತ್ತಿದ್ದ ಕೊಠಡಿಯದು. ಮಕ್ಕಳಿಗೆ ಏನಾದರೂ ಹೇಳಿ ಎಂದರು. ಪಟ್ಟಿ ನೋಡುವ ಆಜ್ಞೆಯನ್ನು ಕೊಟ್ಟು, ಒಳಗಿರುವ ಮಾಡ್ಯೂಲುಗಳನ್ನು ತೋರಿಸಿದೆ. ಪೆನ್‌ಡ್ರೈವನ್ನು ಚುಚ್ಚಿ ಮತ್ತೆ ಅದೇ ಆಜ್ಞೆ ಕೊಟ್ಟೆ. ಯಾರೂ ಕರೆಯದೆಯೇ ಹೊಸ ಹೆಸರು ಪಟ್ಟಿಯಲ್ಲಿ ಬಂದು ಕುಳಿತಿತ್ತು. ಪೆನ್‌ಡ್ರೈವನ್ನು ತೆಗೆದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪರದೆಯನ್ನು ನೋಡುತ್ತಲೇ ಇದ್ದವಳು, "ತೆಗೆದಾಯಿತಲ್ಲ ಸರ್, ಹೆಸರು ಯಾಕೆ ಇನ್ನೂ ಹೋಗಲಿಲ್ಲ?" ಎಂದು ಕೇಳಿದಳು. ಮೂವತ್ತು ವರ್ಷಗಳ ಕಸುಬುದಾರರೂ ಕೇಳದ ಪ್ರಶ್ನೆ. ಕಳುಹಿಸುವುದರಲ್ಲಿ ಅಪಾಯವಿದೆ, ಅದಕ್ಕೇ ಲಿನಕ್ಸ್ ತಾನಾಗಿ ಕಳುಹಿಸುವುದಿಲ್ಲ. ಸೊಲಾರಿಸಾದರೆ ಸ್ಮೃತಿಗೆ ಕೊರತೆಯಾದಾಗ ಕೆಲಸವಿಲ್ಲದವರನ್ನು ಕಳುಹಿಸಲು ನೋಡುತ್ತದೆ ಎಂದು ವಿವರಿಸಿದೆ.

"ಇದರಲ್ಲಿ ನೀವು ಬರೆದದ್ದು ಯಾವುದು?" ಎಂದಳು. ಒಂದೂ ಇಲ್ಲ, ನಾನು ಬರೆದ ಡ್ರೈವರುಗಳ ಕಾರ್ಡುಗಳೆಲ್ಲ ಗುಜರಿಗೆ ಹೋಗಿವೆ ಎಂದೆ. "ಬರೆಯುವಾಗ ತಪ್ಪಾದರೆ ಎಂತ ಆಗುತ್ತದೆ?" ಎಂಬುದು ಮುಂದಿನ ಪ್ರಶ್ನೆ. ಮಾರ್ಚ್ 31ರ ಕಥೆಯನ್ನು ಹೇಳಿದೆ. ಯುಪಿಎಸ್ಸಿನ ತನಕ ಎಲ್ಲವನ್ನೂ ಹೇಳಿದೆ. ಅದನ್ನು ಯಾರೆದುರಿಗಾದರೂ ಹೇಳಿದ್ದು ಅದೇ ಮೊದಲು.

"ಮತ್ತೆ ಅವರ ಹತ್ತಿರ ನಿಜ ಹೇಳಿದಿರಾ ಸರ್?"

ಇಲ್ಲವೆಂದೆ. ಆ ಹಿರಿಯರು ತೀರಿಕೊಂಡು ವರ್ಷಗಳಾದುವೆಂದು ಈಚೆಗೆ ತಿಳಿಯಿತು. ಅವರ ಮಕ್ಕಳು ಮೊಮ್ಮಕ್ಕಳು ಆ ಪೇಟೆಯಲ್ಲೇ ಇದ್ದಾರೆ. ಈ ಸಂಚಿಕೆಯ ಪ್ರತಿಯೊಂದು ಅವರ ಮನೆಗೂ ಹೋಗುವಂತೆ ಮಿತ್ರರಲ್ಲಿ ಹೇಳಿದ್ದೇನೆ. ಆ ದಿನ ಕರೆಂಟಿನಲ್ಲಿ ಏನೂ ದೋಷವಿರಲಿಲ್ಲ.